ಹೆರಿಗೆ ಕೋಣೆಯಲ್ಲಿ ಜೊತೆಗೆ ಯಾರು?

(ಗರ್ಭಿಣಿಯರು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ಶಿಕ್ಷಣ ಭಾಷಣ)



ನೋವು ಶುರುವಾದ ಮಗಳನ್ನೋ ಸೊಸೆಯನ್ನೋ ಒಳಗೆ ಕಳುಹಿಸಿ ಮನೆಯವರೆಲ್ಲ ಹೊರಗೆ ಕೂರುವುದು ನಮ್ಮಲ್ಲಿ ರೂಢಿ. ಒಳಗೆ ನರ್ಸ್ ಇರುತ್ತಾರೆ ನಿಜ. ಆದರೆ ಅವರು ಬೇರೆ ತಾಯಂದಿರನ್ನೂ ನೋಡಬೇಕು. ಬೆನ್ನು ನೀವಿ ಧೈರ್ಯ ಹೇಳುವವರು ಒಬ್ಬರು ಬೇಡವೇ?

ಇದು ಬರೀ ಸಮಾಧಾನದ ಮಾತಲ್ಲ. 17 ದೇಶಗಳ 15 ಸಾವಿರಕ್ಕೂ ಹೆಚ್ಚು ತಾಯಂದಿರು ಭಾಗವಹಿಸಿದ 26 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟಾಗಿ ಪರಿಶೀಲಿಸಿತು. ಕೊನೆಯವರೆಗೂ ಜೊತೆಗೊಬ್ಬರು ಇದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಸ್ವಲ್ಪ ಕಡಿಮೆ ಎಂದು ಕಂಡುಬಂತು.

ಅಮೆರಿಕದಲ್ಲಿ ಇದಕ್ಕೆಂದೇ ತರಬೇತಿ ಪಡೆದವರನ್ನು ‘ಡೂಲಾ’ ಎನ್ನುತ್ತಾರೆ. ಇವರು ಸೂಲಗಿತ್ತಿಯರಲ್ಲ, ನರ್ಸುಗಳೂ ಅಲ್ಲ. ಹೆರಿಗೆ ಮಾಡಿಸುವುದಿಲ್ಲ, ಔಷಧಿ ಕೊಡುವುದಿಲ್ಲ, ಜೊತೆಗಿರುತ್ತಾರೆ. ಅವರ ಶುಲ್ಕ ಬಡವರ ಕೈಗೆ ಎಟುಕುವಂಥದ್ದಲ್ಲ. ಆದ್ದರಿಂದ ಬಡವರ ಸರ್ಕಾರಿ ವಿಮೆಯಾದ ‘ಮೆಡಿಕೇಯ್ಡ್’ನಿಂದಲೇ ಆ ಶುಲ್ಕ ಕೊಡುವ ಕ್ರಮವನ್ನು ಆರಿಗನ್, ಮಿನ್ನೆಸೋಟ ರಾಜ್ಯಗಳು ಮೊದಲು ತಂದವು. ಕ್ಯಾಲಿಫೋರ್ನಿಯದಲ್ಲಿ 2023ರ ಜನವರಿ 1ರಿಂದ ಗರ್ಭಿಣಿಯಾದಾಗಿನ ಭೇಟಿಗಳು, ಹೆರಿಗೆ, ಬಾಣಂತನದ ಭೇಟಿಗಳು ಎಲ್ಲಕ್ಕೂ ವಿಮೆಯಿದೆ.

ನಮ್ಮ ಸರ್ಕಾರಿ ಯೋಜನೆಗಳಲ್ಲಿ ಡೂಲಾಗೆ ಹಣ ಕೊಡುವ ಏರ್ಪಾಟಿಲ್ಲ. ಆದರೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ, ವಾಹನ ಎಲ್ಲವೂ ಉಚಿತ. 2016ರಲ್ಲಿ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಒಬ್ಬ ಜೊತೆಗಾತಿ ಇರಲು ಅನುಮತಿ ನೀಡಿತು. ಇದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ. ಬೇರೆ ಆಸ್ಪತ್ರೆಗಳಲ್ಲಿ ದಾಖಲಾಗುವ ಮೊದಲೇ ವಿಚಾರಿಸಿಕೊಳ್ಳಿ.

ಜೊತೆಗಾತಿ ಹೆಂಗಸಾಗಿರಬೇಕು, ತಾನೂ ಹೆತ್ತ ಅನುಭವವಿದ್ದರೆ ಒಳ್ಳೆಯದು. ಸೋಂಕು ರೋಗ ಇರಬಾರದು, ಬಟ್ಟೆ ಶುಚಿಯಾಗಿರಬೇಕು. ಪೂರ್ತಿ ಹೊತ್ತು ಇರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡಿಯಾಗಬಾರದು. ಪ್ರತ್ಯೇಕ ಮರೆಯ ವ್ಯವಸ್ಥೆ ಇರುವಲ್ಲಿ ಗಂಡನೂ ಇರಬಹುದು.

ಒಳಗೆ ಹೋದಮೇಲೆ ಬೆನ್ನು, ಸೊಂಟ ನೀವಿ. ನಿಧಾನವಾಗಿ ಉಸಿರಾಡಲು ನೆನಪಿಸಿ. ನರ್ಸ್ ಒಪ್ಪಿದರೆ ನೀರು ಕುಡಿಸಿ, ನಡೆದಾಡಿಸಿ. ಹೊಟ್ಟೆ ಒತ್ತಬೇಡಿ. “ನಾವೆಲ್ಲ ಹೆರಲಿಲ್ಲವೇ?” ಎಂದು ಗದರಬೇಡಿ. ರಕ್ತಸ್ರಾವ ಹೆಚ್ಚಾದರೆ, ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ತಕ್ಷಣ ನರ್ಸನ್ನು ಕರೆಯಿರಿ.

ಜೊತೆಗೆ ತಾಯಿಯೋ, ಅತ್ತೆಯೋ, ಅಕ್ಕನೋ ಎಂದು ಹಿರಿಯರೇ ತೀರ್ಮಾನಿಸಬೇಡಿ. ಗರ್ಭಿಣಿಯನ್ನೇ ಕೇಳಿ. ಆಕೆ ಹೇಳಿದವರೇ ಬರಲಿ. ದಿನ ತುಂಬುವ ಮೊದಲೇ ಇದನ್ನು ನಿಶ್ಚಯ ಮಾಡಿಕೊಳ್ಳಿ.