ಹರಿಯು ಅರಿಯಾಗದಿರಲಿ



ಮಾಗಡಿಯ ರಂಗನಾಥಸ್ವಾಮಿಯ ತೇರು, ಕನಕಪುರದ ಕಡೆಯ ಕಬ್ಬಾಳಮ್ಮನ ಜಾತ್ರೆ, ಚನ್ನಪಟ್ಟಣದ ಬಳಿಯ ಕೆಂಗಲ್ ಆಂಜನೇಯನ ಜಾತ್ರೆ—ನಮ್ಮ ಸೀಮೆಯಲ್ಲಿ ಉತ್ಸವಗಳಿಗೆ ಬರವಿಲ್ಲ. ಊರಹಬ್ಬವೆಂದರೆ ನಾಟಕವುಂಟು, ನಾಟಕವೆಂದರೆ ಮೈಕಿನ ಆರ್ಭಟವೂ ಉಂಟು.

ಕೆಲವು ವರ್ಷಗಳ ಹಿಂದೆ ರಾಮನಗರದ ಸಮೀಪದ ಹಳ್ಳಿಯೊಂದರಲ್ಲಿ ಕುರುಕ್ಷೇತ್ರ ನಾಟಕ. ಪಾತ್ರಧಾರಿಗಳ ಉಚ್ಚಾರಣೆಯನ್ನು ತಿದ್ದುವ ಹೊಣೆ ನನ್ನದಾಗಿತ್ತು. ನಮ್ಮ ಕಡೆಯವರ ನಾಲಗೆಗೆ ಹಕಾರವು ಸುಲಭವಾಗಿ ಒಲಿಯದು. ತಿಂಗಳುಗಟ್ಟಲೆ ಹೇಳಿಕೊಟ್ಟ ಮೇಲೆ ‘ಹರಿ’ ಎಂಬ ಶಬ್ದವು ಶುದ್ಧವಾಯಿತು. ನಾಟಕದ ರಾತ್ರಿ ಹಿಂದಿನ ಸಾಲಿನಲ್ಲಿ ಕುಳಿತೆ. ಅಲ್ಲಿಗೆ ಬಂದು ಮುಟ್ಟಿದ್ದು ‘ಅರಿ’! ಅರಿಯೆಂದರೆ ಶತ್ರು. ಪಾಂಡವರ ಪರಮಬಂಧುವು ಗಳಿಗೆಯಲ್ಲಿ ವೈರಿಯಾಗಿಬಿಟ್ಟ. ಅದೇ ರಾತ್ರಿ ನನ್ನ ಹತ್ತನೆಯ ತರಗತಿಯ ಹುಡುಗನೊಬ್ಬನ ಮನೆಯೆದುರಿನ ಕಂಬಕ್ಕೆ ಒಂದು ಹಾರನ್ ಕಟ್ಟಿದ್ದರು. ಮರುದಿನ ಅವನು ಕೆಂಡದಂತಹ ಕಣ್ಣುಗಳೊಡನೆ ಪರೀಕ್ಷೆಗೆ ಬಂದು ಕುಳಿತ. ಕೇಳಬೇಕಾದವರಿಗೆ ಕೇಳದು, ಮಲಗಬೇಕಾದವರನ್ನು ಬಿಡದು. ಇದೆಂತಹ ಧ್ವನಿವರ್ಧಕ?

ಕಾರಣವಿಷ್ಟು. ಒಂದೇ ಪೆಟ್ಟಿಗೆಯಿಂದ ಹೊರಟ ಧ್ವನಿಯು ಮೇಲೆ, ಕೆಳಗೆ, ಅಕ್ಕಪಕ್ಕಕ್ಕೆ ಹರಡುತ್ತದೆ. ದೂರವು ಇಮ್ಮಡಿಯಾದಂತೆಲ್ಲ ಅದು 6 ಡೆಸಿಬಲ್ ಕುಗ್ಗುತ್ತದೆ. 5 ಮೀಟರಿನಿಂದ 40 ಮೀಟರು ಸೇರುವಷ್ಟರಲ್ಲಿ 18 ಡೆಸಿಬಲ್ ನಷ್ಟ. ಹಿಂದಿನವರಿಗಾಗಿ ಧ್ವನಿಯನ್ನು ಏರಿಸಿದರೆ ಮುಂದಿನವರ ಕಿವಿ ಗುಯ್‌ಗುಡುತ್ತದೆ. ಮೇಲಾಗಿ ನಮ್ಮದು ಬಂಡೆಗಳ ನಾಡು. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 85 ಮೀಟರು ದೂರದ ಬಂಡೆಗೆ ಬಡಿದ ಮಾತು ಅರ್ಧ ಸೆಕೆಂಡಿನಲ್ಲಿ ಮರಳಿ ಬಂದು ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಸ್ವರಗಳು ಬಲಿಷ್ಠ, ಉಳಿಯುತ್ತವೆ. ಬರಿಯ ಉಸಿರಿನಂತಿರುವ ಹಕಾರವು ಮುಳುಗುತ್ತದೆ.

ಇದಕ್ಕೊಂದು ಪರಿಹಾರ ‘ಲೈನ್ ಅರೇ’, ಎಂದರೆ ಸಾಲು ಧ್ವನಿವರ್ಧಕ. ಇದರ ಲೆಕ್ಕಾಚಾರವನ್ನು ಫ್ರಾನ್ಸಿನ ಕ್ರಿಸ್ತಿಯಾನ್ ಹೈಲ್ ಮತ್ತು ಮಾರ್ಸೆಲ್ ಅರ್ಬನ್ ಎಂಬವರು 1992ರಲ್ಲಿ ವಿದ್ವಾಂಸರ ಮುಂದಿಟ್ಟರು. ದೊಡ್ಡ ಸಭೆಗಳಲ್ಲಿ ವೇದಿಕೆಯ ಇಕ್ಕೆಲಗಳಲ್ಲಿ ಬಾಳೆಗೊನೆಯಂತೆ ಬಾಗಿ ತೂಗುವ ಪೆಟ್ಟಿಗೆಗಳನ್ನು ತಾವು ಕಂಡಿರಬಹುದು. ಒತ್ತೊತ್ತಾಗಿ ಜೋಡಿಸಿದ ಆ ಪೆಟ್ಟಿಗೆಗಳೆಲ್ಲ ಒಂದೇ ಕೊರಳಿನಂತೆ ನುಡಿಯುತ್ತವೆ. ಮೇಲಿನವು ದೂರದ ಸಾಲಿಗೆ, ಕೆಳಗಿನವು ಮುಂದಿನ ಸಾಲಿಗೆ. ಧ್ವನಿಯು ಆಕಾಶಕ್ಕೆ ಪೋಲಾಗುವುದು ಕಡಿಮೆ. ಸಾಲಿನ ಉದ್ದಕ್ಕೂ ಸ್ವರದ ಏರಿಳಿತಕ್ಕೂ ತಕ್ಕಂತೆ ಒಂದು ದೂರದವರೆಗೆ, ದೂರ ಇಮ್ಮಡಿಯಾದರೂ ಕುಗ್ಗುವುದು 3 ಡೆಸಿಬಲ್ ಮಾತ್ರ.

ಇವುಗಳಲ್ಲಿ ‘ಸ್ವಶಕ್ತಿ’ಯ ಪೆಟ್ಟಿಗೆಗಳೂ ಉಂಟು. ಹಾಗೆಂದರೆ ವಿದ್ಯುತ್ತು ಬೇಡವೆಂದಲ್ಲ. ಆಂಪ್ಲಿಫೈಯರು ಪೆಟ್ಟಿಗೆಯ ಒಳಗೇ ಇದೆಯೆಂದು. ತಕ್ಕ ಆಂಪ್ಲಿಫೈಯರನ್ನು ತಯಾರಕರೇ ಕೂಡಿಸಿರುವುದರಿಂದ ಬೇರೆ ಯಂತ್ರಗಳನ್ನು ಹೊಂದಿಸುವ ತಾಪತ್ರಯ ತಪ್ಪುತ್ತದೆ. ಆದರೆ ಪ್ರತಿಯೊಂದಕ್ಕೂ ವಿದ್ಯುತ್ ತಂತಿ ಬೇಕು, ಸರಿಯಾದ ಅರ್ಥಿಂಗ್ ಬೇಕು, ಮಳೆಯಿಂದ ರಕ್ಷಣೆ ಬೇಕು. ಜನರ ತಲೆಯ ಮೇಲೆ ತೂಗುವ ಭಾರವಾದ್ದರಿಂದ ಕಟ್ಟುವವನು ಬಲ್ಲವನೇ ಆಗಿರಬೇಕು.

ಇದನ್ನು ಸರ್ವರೋಗ ನಿವಾರಿಣಿಯೆಂದು ಯಾರೂ ತಿಳಿಯಬಾರದು. ತಮಟೆ, ನಗಾರಿಗಳ ತಗ್ಗುಸ್ವರವು ಈ ಸಾಲಿನ ಕಟ್ಟಿಗೆ ಅಷ್ಟಾಗಿ ಒಳಪಡದು, ಊರೆಲ್ಲ ಸುತ್ತುತ್ತದೆ. ಚಿಕ್ಕ ಅಂಗಳಕ್ಕೆ ಎರಡು ಒಳ್ಳೆಯ ಪೆಟ್ಟಿಗೆಗಳೇ ಸಾಕು. ಇನ್ನು ಕಾನೂನು: 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ಹಬ್ಬಹರಿದಿನಗಳಲ್ಲಿ 12ರವರೆಗೆ ಸರ್ಕಾರವು ಅವಕಾಶ ಕೊಡಬಹುದು. ಅದೂ ವರ್ಷಕ್ಕೆ 15 ದಿನ ಮೀರದಂತೆ. ಆದ್ದರಿಂದ ನಾಟಕವನ್ನು ಸಂಜೆಗೇ ಆರಂಭಿಸುವುದು ಲೇಸು.

ಮುಂದಿನ ಜಾತ್ರೆಗೆ ಮೈಕ್ ಸೆಟ್ ಗೊತ್ತುಮಾಡುವಾಗ “ಎಷ್ಟು ಜೋರು?” ಎಂದು ಕೇಳಬೇಡಿ. ಕತ್ತಲಾಗುವ ಮುನ್ನ ಒಂದು ಪದ್ಯ ಹಾಡಿಸಿ, ಕಟ್ಟಕಡೆಯ ಸಾಲಿನಲ್ಲಿ ಊರಿನ ಒಬ್ಬ ಅಜ್ಜಿಯನ್ನು ಕೂರಿಸಿ, “ಏನು ಕೇಳಿಸಿತು, ಅವ್ವ?” ಎಂದು ವಿಚಾರಿಸಿ. ಆಕೆಗೆ ‘ಹರಿ’ಯು ಹರಿಯಾಗಿಯೇ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ. ಆಚೆಯ ಬೀದಿಯಲ್ಲಿ ಒಬ್ಬ ಹುಡುಗ ಓದುತ್ತಿರುತ್ತಾನೆ.