ಕಣದ ಹದ

ಕನ್ನಡದಲ್ಲಿ ‘ಕಣ’ವೆಂದರೆ ರಾಶಿ ತೂರುವ ನೆಲವೂ ಹೌದು, ಮರಳಿನ ಹರಳೂ ಹೌದು. ತೂರುವಾಗ ಗಾಳಿ ಹೊಟ್ಟನ್ನು ಒಯ್ಯುತ್ತದೆ, ಕಾಳು ಕೆಳಗಿಳಿಯುತ್ತದೆ. ಮರಳಿನ ತಳದಿಂದ ನೀರನ್ನು ಮೇಲಕ್ಕೆ ಹರಿಸಿದರೂ ಇದೇ ನಿಯಮ. ನೀರಿನ ಒತ್ತು ಮರಳಿನ ತೂಕಕ್ಕೆ ಸಮನಾದೊಡನೆ ಹಾಸು ಸಡಿಲಗೊಂಡು, ಕುದಿಯುವ ಎಸರಿನ ಅಕ್ಕಿಯಂತೆ ಆಡತೊಡಗುತ್ತದೆ.

ಕೊಳಚೆಯನ್ನು ತಿಳಿಗೊಳಿಸುವವರು ಇದನ್ನು ಬಳಸಿಕೊಂಡಿದ್ದಾರೆ. ಅರ್ಧ ಮಿಲಿಮೀಟರಿನ ಮರಳು ಒಂದು ಘನ ಮೀಟರಿನಷ್ಟಿದ್ದರೆ, ಹರಳುಗಳ ಮೈಯೆಲ್ಲ ಸೇರಿ ಸುಮಾರು 7,000 ಚದರ ಮೀಟರು. ಅಷ್ಟೂ ಸೂಕ್ಷ್ಮಜೀವಿಗಳ ಬೀಡು. ಅವು ಕೊಳೆಯನ್ನುಂಡು ಬೆಳೆದಂತೆ ಹರಳಿನ ಸುತ್ತ ಲೋಳೆ ದಪ್ಪವಾಗುತ್ತದೆ. ಗಾತ್ರ ಹಿಗ್ಗಿ, ಸಾಂದ್ರತೆ ತಗ್ಗಿ, ಹರಳು ಮೇಲೇರುತ್ತದೆ. ಬಿಟ್ಟರೆ ಹೊಟ್ಟಿನಂತೆ ಹೊರಕ್ಕೇ ಹೋಗುತ್ತದೆ. ಆದ್ದರಿಂದ ಮೇಲಿನ ಹರಳುಗಳನ್ನು ತೆಗೆದು, ಲೋಳೆ ಕಳಚಿ, ಮರಳಿ ಒಳಗೆ ಬಿಡುತ್ತಾರೆ.

ಬೆಂಗಳೂರೆಂಬ ಹೆಸರನ್ನು ಸುಮಾರು 890ರ ವೀರಗಲ್ಲಿನಲ್ಲಿ ಕಾಪಿಟ್ಟ ಬೇಗೂರಿನ ಸುತ್ತ ಇಂದು ಬಹುಮಹಡಿ ವಸತಿಗಳು ಎದ್ದಿವೆ. ನಗರದ ಇಂಥ ಎಷ್ಟೋ ವಸತಿಗಳ ಶುದ್ಧೀಕರಣ ತೊಟ್ಟಿಗಳಲ್ಲಿ ಮರಳಿಗೆ ಬದಲು ಪ್ಲಾಸ್ಟಿಕ್ ಬಿಲ್ಲೆಗಳನ್ನು ಗಾಳಿಯ ಗುಳ್ಳೆಗಳು ಆಡಿಸುತ್ತವೆ. ವಿದ್ಯುತ್ತು ಉಳಿಸಲೆಂದು ಗಾಳಿಯಂತ್ರವನ್ನು ನಿಲ್ಲಿಸಿದರೆ ಬಿಲ್ಲೆಗಳ ಆಟ ನಿಲ್ಲುತ್ತದೆ, ಉಸಿರಿಲ್ಲದೆ ಜೀವಿಗಳು ಸೊರಗುತ್ತವೆ, ಕೊಳಚೆ ಕೊಳಚೆಯಾಗಿಯೇ ಕೆರೆಯ ದಾರಿ ಹಿಡಿಯುತ್ತದೆ. ಅಂಥದೊಂದು ವಸತಿಯಲ್ಲಿರುವ ನಾನು, ತಿಂಗಳ ಖರ್ಚಿನ ಪಟ್ಟಿ ಕೈಗೆ ಬಂದಾಗ, ಆ ಯಂತ್ರದ ಬಾಬ್ತನ್ನು ಮಾತ್ರ ಕಡಿಮೆ ಮಾಡಿರೆಂದು ಕೇಳುವುದಿಲ್ಲ.