ಹಕ್ಕಲು ಆಯುವ ಇಂಜಿನಿಯರುಗಳು



ನಿಮ್ಮ ಮನೆಯ ಟಿ.ವಿ.ಯ ಹಿಂಬದಿಯಲ್ಲಿ ಸಾಲುಸಾಲಾಗಿ ಸಣ್ಣ ಕಿಂಡಿಗಳಿರುವುದನ್ನು ಗಮನಿಸಿದ್ದೀರಾ? ಒಳಗಿನ ಬಿಸಿ ಹೊರಹೋಗಲು ಬಿಟ್ಟ ದಾರಿ ಅದು. ಬಟ್ಟೆ ಹೊದಿಸಿ ಆ ಕಿಂಡಿಗಳನ್ನು ಮುಚ್ಚಿದರೆ ಟಿ.ವಿ.ಯ ಆಯುಷ್ಯ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ? ಇದಕ್ಕೊಂದು ಲೆಕ್ಕವಿದೆ. ಅದರ ಬೇರು ಇರುವುದು ಬೃಹತ್ ಯಂತ್ರಗಳ ಲೋಕದಲ್ಲಿ.

1930ರಲ್ಲಿ ಅಮೆರಿಕದ ಇಂಜಿನಿಯರ್ ಮಾಂಟ್‌ಸಿಂಗರ್ ವಿದ್ಯುತ್ ಟ್ರಾನ್ಸ್‌ಫಾರ್ಮರುಗಳನ್ನು ಕುರಿತು ಒಂದು ನಿಯಮವನ್ನು ಮುಂದಿಟ್ಟರು. ಉಷ್ಣತೆ ಸುಮಾರು 8 ಡಿಗ್ರಿ ಸೆಲ್ಸಿಯಸ್ ಏರಿದಾಗಲೆಲ್ಲ, ಒಳಗಿನ ತಂತಿಗೆ ಸುತ್ತಿದ ನಿರೋಧಕ ಹೊದಿಕೆಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಬಿಸಿ ಹೆಚ್ಚಿದಷ್ಟೂ ವಸ್ತುವನ್ನು ಕೆಡಿಸುವ ರಾಸಾಯನಿಕ ಕ್ರಿಯೆ ಚುರುಕಾಗುವುದೇ ಇದಕ್ಕೆ ಕಾರಣ. ಟಿ.ವಿ.ಯೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಅಲ್ಲಿ 8ರ ಬದಲು 10 ಡಿಗ್ರಿ ಎನ್ನುತ್ತಾರೆ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರು 75 ಡಿಗ್ರಿಯಲ್ಲಿ 4,000, 65 ಡಿಗ್ರಿಯಲ್ಲಿ 8,000 ಗಂಟೆ ಬಾಳೀತು.

ದೊಡ್ಡ ಯಂತ್ರ ಕಲಿಸಿದ ಪಾಠವನ್ನು ಸಣ್ಣ ಉಪಕರಣಕ್ಕೆ ತಂದವರಲ್ಲಿ ಜಪಾನಿನ ಹಿಟಾಚಿ ಒಂದು. ಅದು ಹುಟ್ಟಿದ್ದು ತಾಮ್ರದ ಗಣಿಯೊಂದರ ರಿಪೇರಿ ಶೆಡ್ಡಿನಲ್ಲಿ. ವಿದೇಶದಿಂದ ತಂದ ಯಂತ್ರಗಳು ಗಣಿಯಲ್ಲಿ ಕೆಡುತ್ತಿದ್ದವು. ಅವನ್ನು ಬಿಚ್ಚಿ ಸರಿಪಡಿಸುತ್ತಿದ್ದ ನಮಿಹೆಯ್ ಒಡೈರಾ ಮತ್ತು ಅವರ ಸಂಗಡಿಗರು 1910ರಲ್ಲಿ 5 ಅಶ್ವಶಕ್ತಿಯ ಮೂರು ಮೋಟಾರುಗಳನ್ನು ತಾವೇ ತಯಾರಿಸಿದರು. 1916ರಲ್ಲಿ ಫ್ಯಾನು, 1924ರಲ್ಲಿ ವಿದ್ಯುತ್ ರೈಲು ಇಂಜಿನ್, 1932ರಲ್ಲಿ ರೆಫ್ರಿಜರೇಟರು ಬಂದವು. 1969ರಲ್ಲಿ ಪೂರ್ತಿ ಟ್ರಾನ್ಸಿಸ್ಟರುಗಳಿಂದಲೇ ನಡೆಯುವ ಬಣ್ಣದ ಟಿ.ವಿ.ಯನ್ನು ಹಿಟಾಚಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಕೆಂಪಗೆ ಕಾಯುವ ವಾಲ್ವುಗಳು ಹೋದವು. ಅವುಗಳೊಡನೆ ಪೆಟ್ಟಿಗೆಯೊಳಗಿನ ಬಿಸಿಯೂ ಬಹಳಷ್ಟು ಇಳಿಯಿತು.

ಈ ಕಂಪನಿಯಲ್ಲಿ ಒಂದು ಹಳೆಯ ಪದ್ಧತಿಯಿದೆ. ಜಪಾನೀ ಭಾಷೆಯಲ್ಲಿ ಅದರ ಹೆಸರು 'ಒಚಿಬೊ ಹಿರೊಯಿ'. ಕೊಯ್ಲಾದ ಗದ್ದೆಯಲ್ಲಿ ಉದುರಿದ ತೆನೆ ಆಯುವುದು ಎಂದು ಅರ್ಥ. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ, ಹಕ್ಕಲು ಆಯುವುದು. ಗ್ರಾಹಕರ ಕೈಯಲ್ಲಿ ಕೆಟ್ಟುಹೋದ ವಸ್ತುವನ್ನು ಮುಂದಿಟ್ಟುಕೊಂಡು ಎಲ್ಲರೂ ಕೂತು ಚರ್ಚಿಸುತ್ತಾರೆ. ಯಾವ ಭಾಗ ಸೋತಿತು ಎಂಬಲ್ಲಿಗೆ ಪ್ರಶ್ನೆ ನಿಲ್ಲುವುದಿಲ್ಲ; ಅದನ್ನು ರೂಪಿಸುವಾಗ ನಮ್ಮ ಯೋಚನೆ ಎಲ್ಲಿ ಸಡಿಲವಾಗಿತ್ತು ಎಂದೂ ಕೇಳಿಕೊಳ್ಳುತ್ತಾರೆ.

ಹಿಟಾಚಿ 2012ರಲ್ಲಿ ತನ್ನ ಟಿ.ವಿ. ತಯಾರಿಕೆಯನ್ನು ನಿಲ್ಲಿಸಿತು. ಮಾರುಕಟ್ಟೆಯ ಬೆಲೆಯ ಪೈಪೋಟಿಯಲ್ಲಿ ಬಾಳಿಕೆಯೊಂದೇ ಸಾಲದು, ನಿಜ. ಆದರೆ ಕೊಂಡವರಿಗೆ ಬಾಳಿಕೆಯೇ ಮುಖ್ಯ. ಕಂತಿನಲ್ಲಿ ಹಣ ಕಟ್ಟಿ ಟಿ.ವಿ. ತಂದ ಮನೆಯಲ್ಲಿ, ಕಂತು ಮುಗಿಯುವ ಮೊದಲೇ ಅದು ಕೆಟ್ಟರೆ ಆಗುವ ಸಂಕಟ ಸಣ್ಣದಲ್ಲ.

ನಿಮ್ಮಲ್ಲಿ ಕೆಲವರು ನಾಳೆ ಇಂಥ ಉಪಕರಣಗಳನ್ನು ರೂಪಿಸುವವರು. ಇಂದೇ ಅಭ್ಯಾಸ ಮಾಡಿಕೊಳ್ಳಿ. ಪ್ರಯೋಗಶಾಲೆಯಲ್ಲಿ ಸುಟ್ಟ ರೆಸಿಸ್ಟರನ್ನು ಕಸದ ಬುಟ್ಟಿಗೆ ಎಸೆಯುವ ಮುನ್ನ, ಅದರಲ್ಲಿ ಎಷ್ಟು ಕರೆಂಟು ಹರಿಯಿತು, ಅದು ಎಷ್ಟು ವ್ಯಾಟ್ ತಾಳಬಲ್ಲದಾಗಿತ್ತು ಎಂದು ಪುಸ್ತಕದಲ್ಲಿ ಬರೆದಿಡಿ. ಆ ಒಂದು ಸಾಲೂ ಹಕ್ಕಲೇ.